ಗದ್ದೆಯ ನಾಡಿಗೆ ಪೇಟೆ ಕಟ್ಟಿದ ಅರಸ

ಕುಡುಗೋಲು ಕೊಳ್ಳಬೇಕೆಂದರೆ, ಮಳೆಗಾಲಕ್ಕೆ ಉಪ್ಪು, ಮೆಣಸಿನಕಾಯಿ, ಒಣಮೀನು ಕೂಡಿಡಬೇಕೆಂದರೆ, ಮದುವೆಗೆ ಬಟ್ಟೆ ತರಬೇಕೆಂದರೆ ದಕ್ಷಿಣ ಕೊಡಗಿನ ನೀವು ಹೊರಡುವುದು ವಿರಾಜಪೇಟೆಗೆ. ಮಲೆತಿರಿಕೆ ಬೆಟ್ಟದ ಬುಡದಲ್ಲಿ ಇಳಿದು, ಗಡಿಯಾರ ಗೋಪುರದ ಬಳಿ ನಾಲ್ಕು ಜನರ ಕ್ಷೇಮ ವಿಚಾರಿಸಿ, ಕೆಲಸ ಮುಗಿಸಿಕೊಂಡು ಬಸ್ಸು ಹತ್ತುತ್ತೀರಿ. ಈ ಪೇಟೆ ಯಾರದು, ಯಾವಾಗಿನದು, ಇಲ್ಲಿಗೇ ಏಕೆ ಬಂತು ಎಂದು ಕೇಳಿಕೊಂಡವರು ಕಡಿಮೆ.

ನಮ್ಮ ಜಿಲ್ಲೆಯ ಕೆಲವು ಊರುಗಳ ಹುಟ್ಟು ಹೆಸರಿನಲ್ಲೇ ಇದೆ. ಸೋಮವಾರಪೇಟೆ, ಶನಿವಾರಸಂತೆ ಎಂದರೆ ಸಾಕು. ಮೊದಲು ವಾರದ ಸಂತೆ, ಸಂತೆಯ ಸುತ್ತ ಊರು. ವಿರಾಜಪೇಟೆಯ ಕಥೆ ಹಾಗಲ್ಲ. ಇದಕ್ಕೆ ಹೆಸರು ಕೊಟ್ಟದ್ದು ವಾರವಲ್ಲ, ಒಬ್ಬ ಮನುಷ್ಯ. 1792ರಲ್ಲಿ ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರ ತನ್ನ ಹೆಸರಿಟ್ಟು ಕಟ್ಟಿಸಿದ ವೀರರಾಜೇಂದ್ರಪೇಟೆ ಇದು. ಈ ಅರಸನ ಯುದ್ಧಗಳನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಓದಿರಬಹುದು. ಯುದ್ಧದ ನಡುವೆ ಅವನು ಒಂದು ಪೇಟೆಯನ್ನು ಏಕೆ ಕಟ್ಟಿದನೆಂಬುದನ್ನು ರೈತರಾದ ನಾವು ಬೇರೆ ಕಣ್ಣಿನಿಂದ ನೋಡಬೇಕಾಗಿದೆ.

ಮೊದಲು ಪೇಟೆ ಇಲ್ಲದ ಕಾಲದ ಕೊಡಗನ್ನು ಕಣ್ಣಮುಂದೆ ತಂದುಕೊಳ್ಳಿ. ಆಗ ಕಾಫಿ ತೋಟಗಳಿರಲಿಲ್ಲ. ಕಣಿವೆಯ ಗದ್ದೆಯಲ್ಲಿ ವರ್ಷಕ್ಕೊಂದು ಭತ್ತದ ಬೆಳೆ, ಕಾಡಿನಲ್ಲಿ ಏಲಕ್ಕಿ, ಮನೆಯ ಸುತ್ತ ಮೆಣಸಿನ ಬಳ್ಳಿ. ಬೇಸಾಯಕ್ಕೆ ಬೇಕಾದ ಕಸುಬುಗಳು ಊರಿನಲ್ಲಿಯೇ ಇದ್ದವು. ಐರಿಯವರು ಕಬ್ಬಿಣದ ಕೆಲಸ ಮತ್ತು ಮರದ ಕೆಲಸ ಮಾಡುತ್ತಿದ್ದರು. ಗದ್ದೆಯ ಕತ್ತಿಯೂ, ಕೊಡವರ ಸೊಂಟದ ಪೀಚೆಕತ್ತಿಯೂ ಅವರ ಕುಲುಮೆಯಿಂದಲೇ ಬರುತ್ತಿದ್ದವು. ಮೇದರು ಬಿದಿರು ಸೀಳಿ ಬುಟ್ಟಿ, ಚಾಪೆ ಹೆಣೆಯುತ್ತಿದ್ದರು; ಹಬ್ಬ ಬಂದರೆ ಅವರೇ ಡೋಲು ಹಿಡಿಯುತ್ತಿದ್ದರು. ಕುಡಿಯರು ಬೈನೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಇವರಿಗೆ ನಾಣ್ಯದ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಭತ್ತ ಅಳೆದು ಕೊಟ್ಟರೆ ವರ್ಷದ ಲೆಕ್ಕ ಮುಗಿಯಿತು. ಈ ಕೊಡು-ಕೊಳ್ಳುವಿಕೆಯಲ್ಲಿ ನ್ಯಾಯವೇ ಇತ್ತೆಂದು ಹೇಳಲಾರೆ. ಅಳೆಯುವ ಸೇರು ಯಾವಾಗಲೂ ಗದ್ದೆಯುಳ್ಳವನ ಕೈಯಲ್ಲಿತ್ತು, ಮೇದನ ಕೈಯಲ್ಲಲ್ಲ. ಆದರೂ ವ್ಯವಸ್ಥೆ ನಡೆಯುತ್ತಿತ್ತು.

ಆದರೆ ಕಬ್ಬಿಣವನ್ನು ಐರಿ ಬಡಿಯಬಲ್ಲ, ಉಪ್ಪನ್ನು ಯಾರು ಬೆಳೆಯಬಲ್ಲರು? ಉಪ್ಪು ಬರಬೇಕಾದದ್ದು ಸಮುದ್ರದಿಂದ. ಒಣಮೀನು, ತೆಂಗಿನಕಾಯಿ, ಎಣ್ಣೆ ಸಹ ಕರಾವಳಿಯವೇ. ಬಟ್ಟೆಯೂ ಹೊರಗಿನಿಂದಲೇ. ಅಂದು ಕೊಡಗಿನಲ್ಲಿ ಗಾಡಿ ರಸ್ತೆಗಳಿರಲಿಲ್ಲ. ಅವು ಬಂದದ್ದು 1834ರ ನಂತರ, ಇಂಗ್ಲಿಷರ ಆಳ್ವಿಕೆಯಲ್ಲಿ. ಅದುವರೆಗೆ ಹೇರೆತ್ತಿನ ಬೆನ್ನೇ ಗತಿ. ಘಟ್ಟ ಇಳಿಯುವಾಗ ಅಕ್ಕಿ, ಮೆಣಸು, ಏಲಕ್ಕಿ; ಹತ್ತುವಾಗ ಉಪ್ಪು, ಬಟ್ಟೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಘಟ್ಟದ ದಾರಿ ಎತ್ತುಗಳಿಗೆ ದುಸ್ತರ. ಕಕ್ಕಡ ತಿಂಗಳ ಮಳೆಯಲ್ಲಿ ನಾಟಿಯ ಕೆಲಸ ಮೊಣಕಾಲುದ್ದ ಕೆಸರಿನಲ್ಲಿ ನಡೆಯುವಾಗಲೇ ಮನೆಯಲ್ಲಿ ಉಪ್ಪು ಮುಗಿದರೆ ಏನು ಮಾಡುವುದು? ಘಟ್ಟದ ನೆತ್ತಿಯಲ್ಲಿ, ಗದ್ದೆಗಳಿಗೆ ಸಮೀಪದಲ್ಲಿ, ನಾಲ್ಕು ತಿಂಗಳ ಸರಕನ್ನು ಕೂಡಿಟ್ಟು ಕಾಯುವ ಒಬ್ಬ ವ್ಯಾಪಾರಿ ಬೇಕು. ಪೇಟೆಯೆಂಬುದರ ಬೇರು ಇಷ್ಟೇ. ಅಂಗಡಿ ಎಂದರೆ ಬಣ್ಣದ ಹಲಗೆಯಲ್ಲ, ಮಳೆಗಾಲದ ದಾಸ್ತಾನು.

ಇನ್ನು ಅರಸನ ವಿಷಯಕ್ಕೆ ಬರೋಣ. ವೀರರಾಜೇಂದ್ರ ಹಾಲೇರಿ ಮನೆತನದವನು. ತಂದೆ ಲಿಂಗರಾಜ 1780ರಲ್ಲಿ ತೀರಿಕೊಂಡಾಗ ಮಕ್ಕಳು ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಮಕ್ಕಳು ದೊಡ್ಡವರಾಗುವವರೆಗೆ ನಾಡನ್ನು ನೋಡಿಕೊಳ್ಳುವ ನೆಪದಲ್ಲಿ ಮೈಸೂರಿನ ಹೈದರಾಲಿ ಕೊಡಗನ್ನು ತನ್ನ ಕೈಗೆ ತೆಗೆದುಕೊಂಡ. ರಾಜಕುಮಾರರನ್ನು ಹೇಮಾವತಿ ತೀರದ ಗೊರೂರಿನಲ್ಲಿ ಇರಿಸಲಾಯಿತು. ಕೊಡವರು ದಂಗೆ ಎದ್ದರು. 1782ರ ಕೊನೆಯಲ್ಲಿ ಹೈದರ್ ತೀರಿಕೊಂಡು ಮಗ ಟಿಪ್ಪು ಪಟ್ಟಕ್ಕೆ ಬಂದ. ರಾಜಕುಮಾರರನ್ನು ಪಿರಿಯಾಪಟ್ಟಣದ ಕೋಟೆಗೆ ಸಾಗಿಸಿದ. ಕೊಡಗು ಮತ್ತೆ ಮತ್ತೆ ತಿರುಗಿಬಿದ್ದುದರಿಂದ 1785ರ ಸುಮಾರಿಗೆ ಟಿಪ್ಪುವಿನ ಸೈನ್ಯ ಸಾವಿರಾರು ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಹೊರಗಿನಿಂದ ತಂದವರಿಗೆ ಭೂಮಿ ಹಂಚಲಾಯಿತು.

ಎಷ್ಟು ಜನ ಹೋದರು, ಎಷ್ಟು ಜನ ಉಳಿದರು ಎಂಬ ಲೆಕ್ಕದಲ್ಲಿ ಇತಿಹಾಸಕಾರರು ಇಂದಿಗೂ ಒಂದಾಗಿಲ್ಲ. ಆ ಜಗಳ ನಮಗೆ ಬೇಡ. ರೈತನಾದವನಿಗೆ ಅರ್ಥವಾಗುವ ಮಾತು ಇನ್ನೊಂದಿದೆ. ಗದ್ದೆ ಒಂದು ವರ್ಷ ಬೀಳುಬಿದ್ದರೆ ಬದು ಒಡೆಯುತ್ತದೆ. ಎರಡು ವರ್ಷ ಬಿದ್ದರೆ ನೀರಿನ ಕಾಲುವೆ ಮುಚ್ಚುತ್ತದೆ. ಐದು ವರ್ಷ ಬಿದ್ದರೆ ಕಾಡು ಗದ್ದೆಗೆ ಇಳಿಯುತ್ತದೆ, ಆನೆ ಬರುತ್ತದೆ. ಮನೆ ಬರಿದಾದ ಊರಿನಲ್ಲಿ ಐರಿಯ ಕುಲುಮೆಗೆ ಕೆಲಸವೆಲ್ಲಿ, ಮೇದನ ಬುಟ್ಟಿಗೆ ಭತ್ತವೆಲ್ಲಿ? ಕೊಳ್ಳುವವನಿಲ್ಲದ ಘಟ್ಟಕ್ಕೆ ಉಪ್ಪಿನ ಎತ್ತು ಏಕೆ ಹತ್ತಬೇಕು? ನೇಗಿಲು ನಿಂತರೆ ಕಸುಬು ನಿಲ್ಲುತ್ತದೆ, ಕಸುಬು ನಿಂತ ಮೇಲೆ ಮತ್ತೆ ನೇಗಿಲು ಹೂಡುವುದು ಇನ್ನೂ ಕಷ್ಟ. ವೀರರಾಜೇಂದ್ರನ ಕೈಗೆ ಬಂದದ್ದು ಇಂಥ ನಾಡು.

1788ರ ಡಿಸೆಂಬರಿನಲ್ಲಿ ಕೆಲವು ಕೊಡವರ ನೆರವಿನಿಂದ ಅವನು ಪಿರಿಯಾಪಟ್ಟಣದ ಸೆರೆಯಿಂದ ಹೆಂಡತಿ ಮತ್ತು ತಮ್ಮಂದಿರೊಡನೆ ತಪ್ಪಿಸಿಕೊಂಡು ಕಿಗ್ಗಟ್ಟುನಾಡಿನ ಕುರ್ಚಿಗೆ ಬಂದ. ಬಂದೊಡನೆ ಸುಖ ಸಿಗಲಿಲ್ಲ. ಮಲಬಾರಿನ ಕೋಟೆಯ ಅರಸ ಅವನನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು ಕೊಡಗಿನ ಕೆಲವು ನಾಡುಗಳನ್ನು ಬರೆಸಿಕೊಂಡ. ಆ ಪತ್ರವನ್ನು ಕೊಡವರು ಮುಂದೆ ಬಲದಿಂದಲೇ ಹಿಂದಕ್ಕೆ ಪಡೆದರು. ನಾಡಿನ ಜನ ಒಬ್ಬೊಬ್ಬರಾಗಿ ಕಾಡಿನಿಂದ ಹೊರಬಂದು ರಾಜನ ಸುತ್ತ ಸೇರಿದರು. ಒಂದೊಂದೇ ಕೋಟೆ ಬಿತ್ತು. ಕೊನೆಗೆ ಉಳಿದದ್ದು ಮಡಿಕೇರಿ. ಅದರ ಸಹಾಯಕ್ಕೆ ಬಂದ ಮೈಸೂರಿನ ದಳದ ನಾಯಕ ಖಾದರ್ ಖಾನ್, ಹಿಂದೆ ರಾಜನ ಮನೆಯವರು ಸೆರೆಯಲ್ಲಿದ್ದಾಗ ದಯೆ ತೋರಿದ್ದವನು. ಆ ಋಣವನ್ನು ನೆನೆದು ಅರಸ ಅವನನ್ನು ಕೊಲ್ಲದೆ ಹೋಗಗೊಟ್ಟ. 1790ರಲ್ಲಿ ಮಡಿಕೇರಿಯೂ ಕೈಗೆ ಬಂತು.

ಅದೇ ವರ್ಷ ತಲಚೇರಿಯಲ್ಲಿದ್ದ ಇಂಗ್ಲಿಷ್ ಕಂಪನಿಯವರೊಡನೆ ಒಪ್ಪಂದವಾಯಿತು. ಟಿಪ್ಪು ಇಬ್ಬರಿಗೂ ಶತ್ರು ಎಂಬುದು ಅದರ ತಿರುಳು. ಆದರೆ ಅದರಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಕಲಮೂ ಇತ್ತು. ಕೊಡಗು ಕಂಪನಿಯ ಸೈನ್ಯಕ್ಕೆ ನ್ಯಾಯವಾದ ಬೆಲೆಗೆ ಸಾಮಗ್ರಿ ಒದಗಿಸಬೇಕು, ಬೇರೆ ಯುರೋಪಿಯನ್ನರೊಡನೆ ಸಂಬಂಧ ಇಟ್ಟುಕೊಳ್ಳಬಾರದು. ತಲಚೇರಿ ಮೆಣಸು, ಏಲಕ್ಕಿಗಳ ರೇವು ಎಂಬುದನ್ನು ಮರೆಯಬೇಡಿ. ಕಂಪನಿಯವರು ಮೂಲದಲ್ಲಿ ವ್ಯಾಪಾರಿಗಳು; ಸ್ನೇಹಪತ್ರ ಬರೆಯುವಾಗಲೂ ಅವರ ಒಂದು ಕಣ್ಣು ತಕ್ಕಡಿಯ ಮೇಲಿರುತ್ತಿತ್ತು.

1791ರಲ್ಲಿ ಮುಂಬಯಿಯ ಸೈನ್ಯ ಜನರಲ್ ಅಬರ್‌ಕ್ರಾಂಬಿಯ ನಾಯಕತ್ವದಲ್ಲಿ ಮಲಬಾರಿನಿಂದ ಘಟ್ಟ ಹತ್ತಿ ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆಗೆ ಹೊರಟಿತು. ಆ ಸಲ ಮುತ್ತಿಗೆ ಕೈಗೂಡದೆ ಮರಳಿತು. ಮುಂದಿನ ಬೇಸಿಗೆಗೆ ಮತ್ತೆ ಬಂತು. ಸಾವಿರಾರು ಸಿಪಾಯಿಗಳು, ಅವರ ಹಿಂದೆ ಹೊರೆಯಾಳುಗಳು, ಎತ್ತುಗಳು. ಈ ದಂಡಿನ ಹೊಟ್ಟೆ ತುಂಬಿಸಬೇಕಾದ ಹೊಣೆ ಬಿದ್ದದ್ದು ಆಗತಾನೇ ಉಸಿರಾಡಲು ತೊಡಗಿದ್ದ ನಾಡಿನ ಮೇಲೆ. ಅರಸ ಅಕ್ಕಿ ಕೊಟ್ಟ, ದನ ಕೊಟ್ಟ. ಕೊಡಗಿನಲ್ಲಿ ಸಾಲದೆ ಹೋದಾಗ ಅವನ ಜನ ಮೈಸೂರಿನ ಸೀಮೆಗೆ ನುಗ್ಗಿ ದನ, ಧಾನ್ಯ ಹೊಡೆದು ತಂದರು. ಆ ದನ ಕಳೆದುಕೊಂಡ ಮೈಸೂರು ಸೀಮೆಯ ರೈತನೂ ನಿಮ್ಮಂತೆಯೇ ಒಬ್ಬ ರೈತ. ರಾಜರ ಚರಿತ್ರೆ ಬರೆದವರು ಅವನ ಹೆಸರು ಕೇಳಲಿಲ್ಲ.

ದಂಡು ಹಾದುಹೋದ ಹಾದಿಯಲ್ಲಿ, ಅಬರ್‌ಕ್ರಾಂಬಿಯನ್ನು ತಾನು ಭೇಟಿಯಾದುದರ ನೆನಪಿಗಾಗಿ, ಅರಸ ಪೇಟೆಯನ್ನು ಕಟ್ಟಿಸಿದ. ಸಾಮಾನ್ಯವಾಗಿ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಬರೀ ನೆನಪಿಗಾಗಿ ಆಗಿದ್ದರೆ ಒಂದು ಕಲ್ಲು ನೆಟ್ಟರೆ ಸಾಕಾಗಿತ್ತು, ಒಂದು ಗುಡಿ ಕಟ್ಟಿಸಿದರೂ ಆಗುತ್ತಿತ್ತು. ಸ್ಥಳವನ್ನು ನೀವೇ ನೋಡಿ. ಪಶ್ಚಿಮಕ್ಕೆ ಪೆರುಂಬಾಡಿ, ಮಾಕುಟ್ಟದ ಮೇಲೆ ಕಣ್ಣೂರು, ತಲಚೇರಿಗಳ ದಿಕ್ಕಿಗೆ ಇಳಿಯುವ ದಾರಿ. ಪೂರ್ವಕ್ಕೆ ಮೈಸೂರಿನ ಬಯಲು. ದಕ್ಷಿಣಕ್ಕೆ ಕಿಗ್ಗಟ್ಟುನಾಡಿನ ಅಗಲವಾದ ಗದ್ದೆಗಳು. ಅಕ್ಕಿ ಇಳಿಯುವ ಜಾಗ, ಉಪ್ಪು ಹತ್ತುವ ಜಾಗ ಎರಡೂ ಒಂದೇ ಆಗಿರುವ ಕಡೆ ಪೇಟೆ ಬಂದಿದೆ. ಸೈನ್ಯಕ್ಕೆ ಅಕ್ಕಿ ಒದಗಿಸುವ ಕಷ್ಟವನ್ನು ಕಂಡವನಿಗೆ ಧಾನ್ಯ ಒಂದೆಡೆ ಸೇರುವ ಊರು ಎಷ್ಟು ಅಗತ್ಯವೆಂಬುದು ತಿಳಿದಿರಲೇಬೇಕು ಎಂದು ನನ್ನ ಊಹೆ.

ಪೇಟೆಗೆ ಜನ ಬೇಕಲ್ಲ? 1792ರ ಶ್ರೀರಂಗಪಟ್ಟಣದ ಮುತ್ತಿಗೆಯ ಗಲಿಬಿಲಿಯಲ್ಲಿ ಸೆರೆಯಲ್ಲಿದ್ದ ಕೊಡವರು ಸಾವಿರಾರು ಸಂಖ್ಯೆಯಲ್ಲಿ ಹೆಂಡತಿ ಮಕ್ಕಳೊಡನೆ ತಪ್ಪಿಸಿಕೊಂಡು ಊರಿಗೆ ಬಂದರು. ಅವರು ಹೋದದ್ದು ಗದ್ದೆಗೆ, ಅಂಗಡಿಗಲ್ಲ. ಪೇಟೆಯಲ್ಲಿ ಕೂರಲು ಬೇರೆಯವರು ಬೇಕಾಯಿತು. 1784ರಲ್ಲಿ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿದಾಗ ತಪ್ಪಿಸಿಕೊಂಡ ಕೆಲವು ಕುಟುಂಬಗಳು ಕೊಡಗಿಗೆ ಬಂದಿದ್ದವು. ತಾನೂ ಸೆರೆಯಲ್ಲಿದ್ದು ಬಂದ ಅರಸ ಅವರಿಗೆ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ, ಭೂಮಿ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚು ತನ್ನ ಆರಂಭವನ್ನು 1792ಕ್ಕೇ ಲೆಕ್ಕ ಹಾಕುತ್ತದೆ; ಈಗಿನ ಕಟ್ಟಡ ಆಮೇಲಿನದು. ಅರಸ ಲಿಂಗಾಯತ, ಪ್ರಜೆಗಳು ಕೊಡವರು, ಪೇಟೆಯ ಮೊದಲ ಒಕ್ಕಲುಗಳಲ್ಲಿ ಕ್ರೈಸ್ತರು, ಘಟ್ಟದ ವ್ಯಾಪಾರ ಬಹುಮಟ್ಟಿಗೆ ಮಲಬಾರಿನ ಮಾಪಿಳ್ಳೆಯರದು. ಪೇಟೆ ಎಂದರೆ ಯಾವಾಗಲೂ ಹೀಗೆಯೇ. ಒಂದೇ ಬಗೆಯ ಜನರಿಂದ ಗದ್ದೆ ಉಳಬಹುದು, ಬಜಾರು ನಡೆಯುವುದಿಲ್ಲ.

ಮಾಪಿಳ್ಳೆಯರ ವಿಷಯ ಬಂದಾಗ ಒಂದು ಹಳೆಯ ಕಥೆ ಹೇಳಿ ಮುಂದೆ ಹೋಗುತ್ತೇನೆ. ಅರಸರು ಮಾಪಿಳ್ಳೆಯರಿಗೆ ನಾಲ್ಕುನಾಡಿನ ಬಳಿ ಭೂಮಿ ಕೊಟ್ಟಿದ್ದರಂತೆ. ಅವರು ಅಲ್ಲಿ ಸದ್ದಿಲ್ಲದೆ ಕಾಫಿ ಗಿಡ ಬೆಳೆಸಿ, ಅದರ ಲಾಭ ಬೇರೆಯವರಿಗೆ ತಿಳಿಯದಂತೆ ಬಹುಕಾಲ ಕಾಪಾಡಿಕೊಂಡರಂತೆ. 1870ರಲ್ಲಿ ಕೊಡಗಿನ ಕೈಪಿಡಿ ಬರೆದ ರಿಕ್ಟರ್ ಪಾದ್ರಿಯ ಪುಸ್ತಕದಲ್ಲಿ ಈ ಮಾತಿದೆ. ನಿಜವೆಷ್ಟೋ ಸುಳ್ಳೆಷ್ಟೋ. ಫೌಲರ್ ಎಂಬ ಇಂಗ್ಲಿಷ್ ತೋಟಗಾರ ಮಡಿಕೇರಿಯ ಬಳಿ ದೊಡ್ಡ ಪ್ರಮಾಣದಲ್ಲಿ ಕಾಫಿ ಹಾಕಿದ್ದು 1854ರಲ್ಲಿ. ಅದಕ್ಕೆ ಮುಂಚೆಯೇ ಕೊಡಗಿನಲ್ಲಿ ಕಾಫಿ ಇತ್ತೆಂಬುದಂತೂ ಖಚಿತ.

ವ್ಯಾಪಾರಿ ಬಂದನೆಂದರೆ ಸಾಲವೂ ಬಂತು. ಮಳೆಗಾಲದಲ್ಲಿ ಉಪ್ಪು, ಬಟ್ಟೆ ಒಯ್ದು ಸುಗ್ಗಿಯಲ್ಲಿ ಭತ್ತ ಕೊಡುವ ಪದ್ಧತಿ ನಿಮಗೆ ಹೊಸದಲ್ಲ. ಮಳೆಗಾಲದಲ್ಲಿ ಉಪ್ಪಿಗೆ ಬೆಲೆ ಹೆಚ್ಚು, ಸುಗ್ಗಿಯಲ್ಲಿ ಭತ್ತಕ್ಕೆ ಬೆಲೆ ಕಡಿಮೆ. ಎರಡು ಕಡೆಯೂ ಸೋಲುವವನು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕೊಡಗಿನ ಒಕ್ಕಲು ಬೇರೆ ಸೀಮೆಯ ರೈತನಂತೆ ನೆಲ ಕಳೆದುಕೊಂಡು ಬೀದಿಗೆ ಬೀಳದಂತೆ ತಡೆದದ್ದು ಜಮ್ಮಾ ಹಿಡುವಳಿ. ಜಮ್ಮಾ ಭೂಮಿಗೆ ಸಾಗು ಭೂಮಿಯ ಅರ್ಧದಷ್ಟೇ ಕಂದಾಯ. ಬದಲಿಗೆ ಕರೆ ಬಂದಾಗ ಕೋವಿ ಹಿಡಿದು ಹೊರಡಬೇಕು, ಅರಮನೆಯ ಚಾಕರಿ ಮಾಡಬೇಕು. ಈ ಭೂಮಿಯನ್ನು ಮಾರುವಂತಿರಲಿಲ್ಲ, ಒತ್ತೆ ಇಡುವಂತಿರಲಿಲ್ಲ. ಒಕ್ಕದ ಆಸ್ತಿ ಒಕ್ಕದಲ್ಲಿಯೇ ಉಳಿಯಬೇಕು. ಅಂಗಡಿಯವನು ಬೆಳೆಯನ್ನು ಅಳೆದುಕೊಳ್ಳಬಹುದಿತ್ತು, ಗದ್ದೆಯನ್ನಲ್ಲ. ಅರಸರು ಇದನ್ನು ರೈತನ ಮೇಲಿನ ಪ್ರೀತಿಗೆ ಮಾಡಿದರೆಂದು ತಿಳಿಯಬೇಡಿ. ನೆಲ ಕಳೆದುಕೊಂಡವನು ಯುದ್ಧಕ್ಕೆ ಬರುವುದಿಲ್ಲ, ಅಷ್ಟೇ ಲೆಕ್ಕ. ಕಾರಣ ಏನೇ ಇರಲಿ, ಪೇಟೆಯೂ ಗದ್ದೆಯೂ ಒಂದನ್ನೊಂದು ನುಂಗದೆ ಬದುಕಲು ಅದರಿಂದ ದಾರಿಯಾಯಿತು.

ಟಿಪ್ಪುವಿನೊಡನೆ ಕಂಪನಿಯ ಒಪ್ಪಂದವಾದ ಮೇಲೆ ಕೊಡಗು ಕಂಪನಿಗೆ ವರ್ಷಕ್ಕೆ 8,000 ವರಹ ಕಪ್ಪ ಕೊಡಬೇಕಾಯಿತು. ಆಗಿನ ಲೆಕ್ಕಕ್ಕೆ 24,000 ರೂಪಾಯಿ. ಅರಸ ನಾಲ್ಕುನಾಡಿನ ಕಾಡಿನ ಮರೆಯಲ್ಲಿ ಅರಮನೆ ಕಟ್ಟಿಸಿದ. ಕಕ್ಕಬ್ಬೆಯ ಕಡೆ ಹೋದವರು ಅದನ್ನು ನೋಡಿರುತ್ತೀರಿ. 1799ರಲ್ಲಿ ಮತ್ತೆ ಯುದ್ಧ. ಮತ್ತೆ ಮುಂಬಯಿಯ ದಂಡು, ಮತ್ತೆ ಅಕ್ಕಿ, ಮತ್ತೆ ಎತ್ತು. ಟಿಪ್ಪು ಮಡಿದ. ಕಂಪನಿಯವರು ಸಾಮಗ್ರಿಯ ಬೆಲೆ ಕೊಡಲು ಬಂದಾಗ ಅರಸ ತೆಗೆದುಕೊಳ್ಳಲಿಲ್ಲ. ಸ್ನೇಹಕ್ಕೆ ಬೆಲೆ ಕಟ್ಟಬಾರದೆಂಬ ದೊಡ್ಡತನ ಅದು ಎಂದು ಹೊಗಳಿದವರಿದ್ದಾರೆ. ಬದಲಿಗೆ ಕಂಪನಿಯವರು ಕಪ್ಪ ಬಿಟ್ಟು ವರ್ಷಕ್ಕೊಂದು ಆನೆ ಸಾಕೆಂದರು. ಘಟ್ಟದ ಕೆಳಗಿನ ಪಂಜ, ಬೆಳ್ಳಾರೆ ಸೀಮೆಯನ್ನು ಮುಂದೆ ಬಿಟ್ಟುಕೊಟ್ಟರು. ಅರಸನಿಗೆ ಸೀಮೆ ಬಂತು, ಕಪ್ಪ ಹೋಯಿತು. ಅಕ್ಕಿ ಕೊಟ್ಟ ಒಕ್ಕಲಿಗೆ ಬಂದದ್ದೇನು? ದೊಡ್ಡತನ ದೊರೆಯದು, ಕಣಜ ರೈತನದು.

ಈ ಪಂಜ, ಬೆಳ್ಳಾರೆಗಳ ಕಥೆ ಅವನು ಸತ್ತ ಮೇಲೂ ಮುಗಿಯಲಿಲ್ಲ. ಅರಸರ ಕಾಲದಲ್ಲಿ ಆ ಸೀಮೆಯ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. 1834ರಲ್ಲಿ ಕೊಡಗು ಇಂಗ್ಲಿಷರಿಗೆ ಸೇರಿದಾಗ ಘಟ್ಟದ ಕೆಳಗಿನ ಸೀಮೆಗಳು ಕನ್ನಡ ಜಿಲ್ಲೆಗೆ ಹೋದವು. ಕಂದಾಯ ನಗದಾಗಿಯೇ ಬೇಕೆಂದು ಹೊಸ ಸರ್ಕಾರ ಹಟ ಹಿಡಿಯಿತು. ನಗದು ಬೇಕೆಂದರೆ ಬೆಳೆಯನ್ನು ವ್ಯಾಪಾರಿ ಹೇಳಿದ ಬೆಲೆಗೆ ಮಾರಬೇಕು. 1837ರ ಅಮರ ಸುಳ್ಯದ ದಂಗೆಗೆ ಇದೂ ಒಂದು ಕಾರಣ. ಆ ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ವೀರರಾಜೇಂದ್ರನ ಕೊನೆಯ ವರ್ಷಗಳನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಚಿಕ್ಕಂದಿನಿಂದ ಸೆರೆ, ಮೋಸ, ಕೊಲೆಗಳ ನಡುವೆ ಬೆಳೆದವನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಸಿಟ್ಟು ಬಂದರೆ ತಲೆ ತೆಗೆಸುತ್ತಿದ್ದ, ಸಿಟ್ಟು ಇಳಿದ ಮೇಲೆ ಮರುಗುತ್ತಿದ್ದ. ಅವನ ತಮ್ಮನೊಬ್ಬನೂ ಈ ಸಂಶಯಕ್ಕೆ ಬಲಿಯಾದ. ಗಡಿಯ ಉಕ್ಕಡಗಳಲ್ಲಿ ಕಾವಲು. ಇಂಥ ದೊರೆಯ ಕಾಲದಲ್ಲಿ ಅಂಗಡಿಯವನೂ ಒಕ್ಕಲಿಗನೂ ಒಂದೇ ತರಹ ಬದುಕಿದರು, ಅರಮನೆಯ ಕಡೆಗೆ ಒಂದು ಕಿವಿ ಇಟ್ಟುಕೊಂಡು. ಪೇಟೆ ಕೊಟ್ಟ ಕೈಯೇ ಅದನ್ನು ಕಿತ್ತುಕೊಳ್ಳಲೂ ಬಲ್ಲದೆಂಬುದು ಎಲ್ಲರಿಗೂ ಗೊತ್ತಿತ್ತು.

ಗಂಡುಮಕ್ಕಳಿರಲಿಲ್ಲ. ಪ್ರೀತಿಯ ರಾಣಿ ಮಹಾದೇವಮ್ಮಾಜಿ 1807ರಲ್ಲಿ ತೀರಿಕೊಂಡ ಮೇಲೆ ಅವನ ಮನಸ್ಸು ಪೂರ್ತಿ ಕದಡಿತು. ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಕಂಪನಿಯವರಿಂದ ಮಾತು ಪಡೆಯಲು ಹೆಣಗಿದ. ತನ್ನ ವಂಶದ ಚರಿತ್ರೆಯನ್ನು ರಾಜೇಂದ್ರನಾಮೆ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆಯಿಸಿದ. ಅದರಲ್ಲಿ ಯುದ್ಧದ ಮಾತೇ ಹೆಚ್ಚು. 1809ರ ಜೂನ್ ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ತೀರಿಕೊಂಡ. ಎರಡೇ ವರ್ಷಗಳಲ್ಲಿ, 1811ರಲ್ಲಿ, ತಮ್ಮ ಲಿಂಗರಾಜೇಂದ್ರ ಅಣ್ಣನ ಮಗಳನ್ನು ಸರಿಸಿ ತಾನೇ ಪಟ್ಟವೇರಿದ. ಮಡಿಕೇರಿಯ ಗದ್ದಿಗೆಯಲ್ಲಿ ವೀರರಾಜೇಂದ್ರನೂ ಅವನ ರಾಣಿಯೂ ಒಂದೇ ಗುಮ್ಮಟದ ಕೆಳಗೆ ಇದ್ದಾರೆ.

ಲಿಂಗರಾಜೇಂದ್ರ ಹೋದ, ಅವನ ಮಗ ಚಿಕ್ಕವೀರರಾಜೇಂದ್ರ 1834ರಲ್ಲಿ ಪಟ್ಟ ಕಳೆದುಕೊಂಡು ದೂರದ ಲಂಡನ್ನಿನಲ್ಲಿ ಸತ್ತ. ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. ಗಾಡಿ ರಸ್ತೆ ಬಂದಾಗ ಹೇರೆತ್ತುಗಳು ಮಾಯವಾದವು. ಕಾಫಿ ಬಂದಾಗ ತೋಟದ ಆಳುಗಳ ಅಕ್ಕಿಗಾಗಿ ಅಂಗಡಿಗಳು ಹೆಚ್ಚಿದವು. ಇಪ್ಪತ್ತನೆಯ ಶತಮಾನದಲ್ಲಿ ಜೇನು ಸಾಕುವವರು ಅಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡು, ಕೊಡಗಿನ ಜೇನಿಗೆ ಹೊರನಾಡಿನಲ್ಲಿ ಹೆಸರು ತಂದರು. ಅದಕ್ಕೆ ದೊರೆಯ ಅಪ್ಪಣೆ ಬೇಕಾಗಲಿಲ್ಲ. ಇಂಗ್ಲಿಷರು ತಮ್ಮ ಕಾಗದಪತ್ರಗಳಲ್ಲಿ ವೀರರಾಜೇಂದ್ರಪೇಟೆ ಎಂದು ಪೂರ್ತಿ ಹೆಸರನ್ನೇ ಬಹುಕಾಲ ಬರೆದರು. ಸಂತೆಗೆ ಹೊರಟ ಒಕ್ಕಲಿಗೆ ಅಷ್ಟುದ್ದದ ಹೆಸರಿಗೆ ಪುರಸೊತ್ತು ಇರಲಿಲ್ಲ. ವೀರನೂ ಇಂದ್ರನೂ ಬಾಯಿಯಲ್ಲಿ ಸವೆದು ಸವೆದು, ಭತ್ತದ ಚೀಲ ಹೊತ್ತವರ ನಾಲಿಗೆಯಲ್ಲಿ ಅದು ವಿರಾಜಪೇಟೆಯಾಯಿತು.